ಅಂಕೆ

ಇಪ್ಪತ್ತೆರಡು ಸಾವಿರ. ಅದರಾಚೆ ಒಂದು ರೂಪಾಯಿ ಇಲ್ಲ,
ಅಂದರು ವಾಮನ ಭಾವ ಡೊಂಬಿವಲಿಯ ಫಾಸ್ಟ್ ಲೋಕಲ್ಲಿನಲ್ಲಿ
ನನ್ನೊಬ್ಬನ ಕಿವಿಗೆ ಬೀಳುವಷ್ಟೇ.
ದುಡ್ಡು ಬನಿಯನ್ನಿನ ಒಳಜೇಬಿನಲ್ಲಿ,
ಪಟ್ಟಿ ಅಂಗಿಯ ಜೇಬಿನಲ್ಲಿ:
ಮುಚ್ಚಿಹೋದ ಹೋಟೆಲಿನ ಬಿಲ್ಲಿನ ಬೆನ್ನಿಗೆ
ನಾನು ಹೇಳುತ್ತಾ ಹೋದದ್ದನ್ನು ಅವರು ಬರೆದದ್ದು.
ಪ್ರೊಸೆಸರ್ ಅಂದಲ್ಲಿ ‘ಪ್ರಸೇಸರು’,
ರ್‍ಯಾಮ್ ಎಂಟು ಜಿಬಿ ಅಂದಲ್ಲಿ ಸೀದಾ
‘ರಾಮ, ಎಂಟು’.

ಮಾಟುಂಗದ ಗಲ್ಲೆಯಲ್ಲಿ ಮೂವತ್ತೊಂದು ವರ್ಷ ಕೂತವರು.
ಈಗ ಏಳು ಪುಟ್ಟ ಹೋಟೆಲುಗಳ ಲೆಕ್ಕ ಮನೆಯಿಂದಲೇ.
ಆಫೀಸೆಂದರೆ
ಅಕ್ಕನ ಹೊಲಿಗೆ ಮೆಷಿನ್ನಿಗೂ ಫ್ರಿಜ್ಜಿಗೂ ನಡುವಿನ
ಎರಡೂವರೆ ಅಡಿ.
ಅಕ್ಕನದು ಒಂದೇ ಷರತ್ತು: ಫ್ಯಾನು ಗುಂಯ್ಗುಡಬಾರದು,
ರಾತ್ರಿಗೆ ಇವರ ಗೊರಕೆಯೊಂದು ಸಾಲದಾ?

ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು
ಲ್ಯಾಮಿಂಗ್ಟನ್ ರಸ್ತೆಯ ಬಿಸಿಲಿಗೆ ಬಂದರೆ
ಕೈಹಿಡಿದು ಎಳೆಯುವ ಹುಡುಗರು,
ಕೇಬಲ್ಲು, ಕೇಬಲ್ಲು, ಶಾವಿಗೆಯ ಹಾಗೆ ಕೇಬಲ್ಲು.
ಹಿತೇನ್‌ಭಾಯಿಯ ಅಂಗಡಿಯಲ್ಲಿ ಸ್ಟೂಲು ಒಂದೇ.
ಭಾವ ಕೂತರು, ನಾನು ನಿಂತು ವಾದಿಸಿದೆ:
ಗ್ರಾಫಿಕ್ಸ್ ಕಾರ್ಡು ಬೇಡ, ಇವರೇನು ಯುದ್ಧ ಮಾಡುವುದಿಲ್ಲ.
ಸ್ಕ್ರೀನು ಯಾವುದೋ ಬ್ಯಾಂಕು ಕಳಚಿ ಬಿಸಾಡಿದ್ದಾದರೂ ಆದೀತು,
ಪವರ್ ಸಪ್ಲೈ ಮಾತ್ರ ಒಳ್ಳೆಯದು ಕೊಡಿ,
ಅದು ಹೋದರೆ ಜೊತೆಗೆ ನಾಲ್ಕನ್ನು ಕರಕೊಂಡು ಹೋಗುತ್ತದೆ.
‘ಹೌದಪ್ಪ’ ಅಂದರು ಭಾವ, ‘ಭಟ್ಟ ಕೈಕೊಟ್ಟ ದಿನದ ಹಾಗೆ.’

ಬಣ್ಣದ ದೀಪವಿಲ್ಲದ ಕ್ಯಾಬಿನೆಟ್ಟಿಗೆ
ದೀಪವಿರುವುದಕ್ಕಿಂತ ಮುನ್ನೂರು ಜಾಸ್ತಿ.
ಯಾಕೆ ಅಂತ ಹಿತೇನ್‌ಭಾಯಿಗೂ ಗೊತ್ತಿಲ್ಲ.
ಇರಲಿ, ಮಿನುಗಲಿ.

ನಾನೊಂದು ಕಳ್ಳತನ ಮಾಡಿದೆ.
ರಾಮನನ್ನು ಹದಿನಾರು ಮಾಡಿ ಅಂತ ಕಣ್ಣಲ್ಲೇ ಹೇಳಿ
ಸಾವಿರದ ಏಳುನೂರು ಮೆಲ್ಲಗೆ ನನ್ನ ಫೋನಿನಿಂದ ಕಳಿಸಿದೆ.
ಭಾವ ಬೋರ್ಡಿನ ಕಡೆ ನೋಡಿದರು,
ಬಿಲ್ಲಿನ ಕಡೆ ನೋಡಿದರು.
‘ತಟ್ಟೆ ಎರಡು ಬಂದಿದೆ, ಬರೆದದ್ದು ಒಂದು.’
ಇನ್ನೊಂದನ್ನು ತೆಗೆಸಿದರು.
ದುಡ್ಡು ನನ್ನ ಫೋನಿಗೆ ವಾಪಸು ಬರುವ ತನಕ ಏಳಲಿಲ್ಲ.
ಆ ಜಾಗ ಖಾಲಿಯೇ ಇರಲಿ ಮಾರಾಯ,
ಬರುವ ದೀಪಾವಳಿಗೆ ನಾನೇ ತುಂಬುತ್ತೇನೆ.

ಕೊನೆಗೆ ಕೀಬೋರ್ಡು. ಉಳಿದಿದ್ದು ಆರುನೂರು.
ನಾನು ತೋರಿಸಿದ ತೆಳ್ಳನೆಯ ಚೆಲುವೆಯನ್ನು
ಒಮ್ಮೆ ತಿರುಗಿಸಿ ಕೆಳಗಿಟ್ಟರು:
‘ಬಲಗಡೆ ಅಂಕೆಗಳೇ ಇಲ್ಲವಲ್ಲ.’
ಆಮೇಲೆ ಹುಡುಗ ತುಫೈಲ್ ಅಟ್ಟದಿಂದ ಇಳಿಸಿದ
ಧೂಳಿನ ಡಬ್ಬಗಳನ್ನು ಒಂದೊಂದಾಗಿ ತೆರೆದು,
ಕಣ್ಣು ಮುಚ್ಚಿ,
ಐದರ ಮೇಲಿನ ಪುಟ್ಟ ಗೆರೆಯನ್ನು ನಡುಬೆರಳಿನಿಂದ ತಡಕಿ
ಹೊಡೆಯತೊಡಗಿದರು.
ಯಾವುದಕ್ಕೂ ತಂತಿ ಜೋಡಿಸಿರಲಿಲ್ಲ.
ಎರಡು ಇಡ್ಲಿ, ಒಂದು ಕಾಫಿ, ಮೂರು ಮಸಾಲೆ,
ಪಾರ್ಸೆಲ್ಲು ಬೇರೆ, ಡಬ್ಬಿಯ ಚಾರ್ಜು ಬೇರೆ,
ಹನ್ನೊಂದನೆಯ ಟೇಬಲ್ಲು, ಗಿರಾಕಿ ಅವಸರದಲ್ಲಿದ್ದಾರೆ...
ತುಟಿ ಅಲುಗುತ್ತಿತ್ತು. ತುಫೈಲ್ ಚಹಾ ಕುಡಿಯುವುದು ಮರೆತ.
ನಾಲ್ಕನೆಯದಕ್ಕೆ ಬೆರಳು ನಿಂತಿತು:
‘ಇದು.’

ಹಿತೇನ್‌ಭಾಯಿ ಕ್ಯಾಲ್ಕುಲೇಟರ್ ಹುಡುಕುವ ಮೊದಲೇ
ಭಾವ ಅಂದರು, ಇಪ್ಪತ್ತೊಂದು ಸಾವಿರದ ಒಂಬೈನೂರ ಐವತ್ತು.
ಉಳಿದ ಐವತ್ತಕ್ಕೆ ಎರಡು ವಡಾಪಾವ್,
ಒಂದು ಕಟಿಂಗ್, ಅರ್ಧರ್ಧ.
ಅಂಕೆ ಅಂದರೆ ನಮ್ಮ ಮಾತಿನಲ್ಲಿ
ಎಣಿಕೆಯೂ ಹೌದು, ಲಗಾಮೂ ಹೌದು.
ಇದನ್ನು ಅವರಿಗೆ ಹೇಳಲಿಲ್ಲ, ಮೆಣಸಿನಕಾಯಿ ಕಚ್ಚುತ್ತಿದ್ದರು.

ಈಗ ಸಂಜೆ ಹೋದರೆ
ದೀಪಗಳ ಮೇಲೆ ಅಕ್ಕ ಹೊದಿಸಿದ ರವಿಕೆಯ ತುಂಡು,
ಒಳಗೆ ಕೆಂಪು, ನೀಲಿ, ಹಸಿರು.
ಫ್ಯಾನು ಸುಮ್ಮನಿದೆ.
ಭಾವ ಒಂದು ಸಾಲು ಮುಗಿಸಿ, ಎಂಟರ್ ಒತ್ತಿ,
ಹೊಟ್ಟೆಯನ್ನು ಒಂದಿಷ್ಟೇ ಮುಂದಕ್ಕೆ ತಳ್ಳುತ್ತಾರೆ,
ತೆರೆದ ಗಲ್ಲೆಯ ಡ್ರಾಯರು
ಅಲ್ಲಿಯೇ ಇರುವ ಹಾಗೆ.