ಎಷ್ಟು ಕಣ್ಣು ಬೇಕು

ಗಾರೆ ಇನ್ನೂ ಹಸಿ.
ಟೈಲ್ಸಿನ ರಟ್ಟು ಹರಿದು, ಬೆನ್ನ ಮೇಲೆ
ನಮ್ಮ ಬಿಚೋಲಿಯ ಮನೆ ಗೀಚಿದ ಅಗ್ನೇಲ್:
ಗೇಟಿಗೊಂದು ಕ್ಯಾಮೆರಾ, ಹಿತ್ತಿಲಿಗೊಂದು,
ಸ್ಕೂಟರ್ ನಿಲ್ಲುವಲ್ಲಿ ಒಂದು.
"ಒಳಗೆ?"

ಶಾಂಭವಿ ನನ್ನ ಮುಖ ನೋಡಿದಳು.

ಹನ್ನೊಂದು ವರ್ಷ ಮಾಂಡೋವಿಯ ಮೇಲೆ
ತೇಲುವ ಕ್ಯಾಸಿನೋದಲ್ಲಿ ಎಲೆ ಹಂಚಿದ್ದೇನೆ.
ಜೇಬಿಲ್ಲದ ಅಂಗಿ,
ನೆತ್ತಿಗೆ ನೇರ ಕರೀ ಗಾಜಿನ ಬುರುಡೆ.
ಮೂಗು ತುರಿಸಿದರೂ ಮೇಲಿನವರ ಲೆಕ್ಕಕ್ಕೆ.
ಮೇಜು ಬಿಟ್ಟೇಳುವಾಗೆಲ್ಲ ಕೈ ತಟ್ಟಿ
ಅಂಗೈ ಮಗುಚಿ ತೋರಿಸಬೇಕು: ಖಾಲಿ.

"ಒಳಗೆ ಬೇಡ," ಅಂದೆ.
ಅವಳು ಡಬ್ಬಿಯಿಂದ ಬೆಲ್ಲ ಕದ್ದು ತಿನ್ನಲಿ.
ನಾನು ಚಡ್ಡಿಯಲ್ಲಿ ಕೂತು
ಸುಮ್ಮನೆ ಗೋಡೆ ನೋಡುತ್ತೇನೆ.

"ಕಳ್ಳ ಕಿಟಕಿಯಿಂದ ಬರ್ತಾನೆ, ಪಾತ್ರಾಂವ್!"
ಬರಲಿ ಬಿಡು,
ಸಾಲದ ಕಂತಿನ ಪುಸ್ತಕ ಅಲ್ಲೇ ಇದೆ, ಒಯ್ಯಲಿ.

ಸಂಜೆಗೆ ಗೇಟಿನ ಕಣ್ಣು ಕೂತಿತು.
"ಹೊರಗೆ ಬರೋ ಹಾಗೆ ಬನ್ನಿ, ಕೋನ ನೋಡ್ತೇನೆ."

ಹೊಸ ಹೊಸ್ತಿಲು ದಾಟಿದೆ.
ಸಾಸಿವೆಯಷ್ಟು ಕೆಂಪು ದೀಪ.
ಕೈ ತಾನಾಗಿ ತಟ್ಟಿತು,
ಅಂಗೈ ಮಗುಚಿತು, ಒಮ್ಮೆ, ಇನ್ನೊಮ್ಮೆ.

ಫೋನಿನೊಳಗೆ ನನ್ನನ್ನು ನೋಡುತ್ತ ಶಾಂಭವಿ
ಕೇಳಿದಳು:
"ಯಾರಿಗ್ರೀ ತೋರಿಸ್ತಿದೀರಿ?"