ಬೋಲ್ಟಿಗೆ ಎರಡು ಬೆರಳು

ಗೋಣಿತಟ್ಟಿನಲ್ಲಿ ಸುತ್ತಿ ಪಾರ್ಸಲ್ ಲಾರಿಯಲ್ಲಿ ಬಂತು
ಲೋಕಿಕೆರೆ ರಸ್ತೆಯ ನಮ್ಮ ಶೆಡ್ಡಿಗೆ
ಆರಡಿ ಉದ್ದದ ಸವೆದ ಉಕ್ಕಿನ ಪಟ್ಟಿ.
ಜೊತೆಗೊಂದು ಚೀಟಿ, ಹಿಂದಿಯಲ್ಲಿ.
ದಸ್ತಗೀರ್ ಓದಿ ಹೇಳಿದ:
ಇಂಥವು ನಲವತ್ತು ಬೇಕಂತೆ, ದೀಪಾವಳಿಯೊಳಗೆ.
ಲಾರಿಯ ಮೂತಿಗೆ ಕಟ್ಟುವ ದೊಡ್ಡ ಹಲಗೆ,
ಅದರ ಕೆಳದುಟಿ ಇದು,
ರಸ್ತೆ ಮೇಲೆ ಬಿದ್ದ ಹಿಮ ಹೆರೆಯೋಕೆ.

ಹಿಮ ಅಂದರೆ ನಮಗೆ
ಫ್ರಿಜ್ಜಿನ ಮೇಲಿನ ಖಾನೆಯ ಬಿಳಿ ಪಾಚಿ.
ಹೊರಗೆ ಬಿಸಿಲು ತಗಡು ಕಾಯಿಸುತ್ತಿತ್ತು.

ಆದರೆ ಸವೆತ ನನಗೆ ಗೊತ್ತು.
ಇಪ್ಪತ್ತಾರು ವರ್ಷ ಸವೆದದ್ದನ್ನೇ ಓದಿ ಉಂಡವನು ನಾನು,
ಕುಂಟೆಯ ಕುಡ, ಗ್ರೇಡರಿನ ಬಾಯಿ, ಜೇಸಿಬಿ ಹಲ್ಲು.
ಪಟ್ಟಿಯ ಅಂಚಿಗೆ ಹೆಬ್ಬೆರಳು ಎಳೆದೆ.
ಒಂದು ತುದಿ ಇನ್ನೊಂದಕ್ಕಿಂತ ಇಂಚು ಗಿಡ್ಡ:
ಹಲಗೆ ಸದಾ ಓರೆ, ಒಂದೇ ಕಡೆ ತಳ್ಳುತ್ತಾನೆ,
ಕಣಿವೆ ಅತ್ತಲೇ ಇರಬೇಕು.
ನಡುವೆ ತಗ್ಗು: ರಸ್ತೆಯ ಬೆನ್ನು ಉಬ್ಬಿದೆ.
ಅಲ್ಲೊಂದು ಚಕ್ಕೆ ಹಾರಿದ ಗುರುತು:
ಹಿಮದಡಿಯ ಸೇತುವೆ ಜೋಡು ಕಾಣಲಿಲ್ಲ ಅವನಿಗೆ.
ಬೋಲ್ಟಿನ ತಲೆಗಳು ಅರ್ಧ ತೇದುಹೋಗಿವೆ.
ಸೋಮಾರಿ, ಅಂದ ದಸ್ತಗೀರ್.
ಅಲ್ಲ ಕಣೋ.
ಬದಲಿಸಲು ಇನ್ನೊಂದು ಇರಲಿಲ್ಲ ಅವನ ಹತ್ತಿರ.

ಮಾಲೀಕ ರುದ್ರಮುನಿ ಬಂದು ಹೇಳಿದರು:
ಕಾರ್ಬೈಡ್ ಕೂರಿಸು ಓಬಳೇಶ, ಬಿಲ್ಲು ದೊಡ್ಡದಾಗುತ್ತೆ.
ಬಾಳಿಕೆ ನಿಜ, ಐದು ಪಟ್ಟು ಬರಬಹುದು.
ಆದರೆ ಅದು ದೊಡ್ಡವರ ಸಿಟ್ಟಿನ ಜಾತಿ,
ಬಾಗಲಾರದು, ಪೆಟ್ಟು ಬಿದ್ದರೆ ಒಡೆಯುತ್ತದೆ.
ಆ ಸೇತುವೆ ಅಲ್ಲೇ ಇದೆಯಲ್ಲ ಇನ್ನೂ.

ಸಂಜೆ ಆಜಾದ್ ನಗರದ ಮಂಡಕ್ಕಿ ಭಟ್ಟಿ.
ದಸ್ತಗೀರನ ದೊಡ್ಡಮ್ಮ ಖಮರುನ್ನಿಸಾ
ಮೊಣಕಾಲುದ್ದ ಬಿಳಿ ರಾಶಿಯನ್ನು
ಹಲಗೆಯಲ್ಲಿ ಗೋಡೆಗೆ ತಳ್ಳುತ್ತಿದ್ದಳು.
ಹಲಗೆಯ ಬಾಯಿಗೆ ಸ್ಕೂಟರ್ ಟೈರಿನ ಪಟ್ಟಿ, ಮೊಳೆ ಹೊಡೆದು.
ಯಾಕಮ್ಮಾ ರಬ್ಬರು?
ಬರೀ ಮರ ನೆಲದ ಗಾರೆ ಕೀಳುತ್ತೆ ಬಾ,
ಗಾರೆ ಮಂಡಕ್ಕಿಗೆ ಬಿದ್ರೆ ತಿನ್ನೋರ ಹಲ್ಲು ಯಾರು ಕೊಡ್ತಾರೆ?
ಒತ್ತಬಾರದು. ಹಲಗೆಗೆ ಅದರದೇ ತೂಕ ಇದೆ.
ಅಷ್ಟು ಹೇಳಿ ಸೀನಿದಳು,
ನಾಲ್ಕು ಮಂಡಕ್ಕಿ ಹಾರಿದವು.

ರಾತ್ರಿ ಫೋನು, ಚೀಟಿಯ ನಂಬರಿಗೆ.
ಡ್ರೈವರ್ ನೊರ್ಬು, ಗಾಳಿಯ ಸದ್ದಿನೊಳಗಿಂದ.
ಕೇಳೋ, ನಿಮ್ಮ ಹಿಮ ಉದುರೋದಾ, ಅಂಟೋದಾ?
ಆ ಕಡೆ ನಗು. ದಸ್ತಗೀರ್ ಕನ್ನಡಕ್ಕಿಳಿಸಿದ:
ಬೆಳಿಗ್ಗೆ ಬಂಡೆ, ಮಧ್ಯಾಹ್ನ ಅಂಬಲಿ.

ಹಾಗಾದರೆ ರಬ್ಬರು ಸಾಲದು.
ಬಂಡೆಯ ಮೇಲೆ ಖಮರುನ್ನಿಸಾಳ ಟೈರು ಜಾರುತ್ತದೆ.
ಹದ ಕೊಟ್ಟ ಉಕ್ಕೇ ಸರಿ,
ಎರಡೂ ಅಂಚಿಗೆ ಬಾಯಿ, ತೂತುಗಳು ನಡುಗೆರೆಯಲ್ಲಿ,
ಒಂದು ಸವೆದರೆ ತಿರುವಿ ಹಾಕಿಕೊಳ್ಳಲಿ.
ಮೂಲೆಗಳಿಗೆ ಗಟ್ಟಿ ರಾಡಿನ ಮೂರು ಸಾಲು ವೆಲ್ಡಿಂಗು,
ಅವೇ ಮೊದಲು ಹೋಗುವುದರಿಂದ.

ಬೋಲ್ಟಿಗೆ ಎರಡು ಬೆರಳು ಬಿಟ್ಟು
ಇಕ್ಕೆಲದಲ್ಲೂ ಉಳಿಯಿಂದ ಗೆರೆ ಕೊರೆದೆ.
ಅದು ನಮಗೆ ಕಾಣುವ ಗೆರೆ, ಅವರಿಗೆ ತಿಳಿಯುತ್ತಾ?
ಇಲ್ಲಿಗೆ ನಿಲ್ಲಿಸಿ ಅಂತ ಬರೆಯೋಣ, ಅಂದ ದಸ್ತಗೀರ್.
ಯಾವ ಭಾಷೇಲಿ? ಕೈಗವಸಿನ ಬೆರಳು
ಕತ್ತಲಲ್ಲಿ ತಡವಿದರೂ ಸಿಗಬೇಕು. ಗೆರೆ ಸಾಕು.

ನೊರ್ಬುಗೆ ಮತ್ತೆ ಫೋನು ಮಾಡಿ ಹೇಳಿಸಿದೆ:
ಮೊದಲ ದಿನ ನಾಲ್ಕು ತಾಸು ಓಡಿಸಿ
ಬೋಲ್ಟು ಇನ್ನೊಮ್ಮೆ ಬಿಗಿ ಮಾಡಪ್ಪ,
ಹೊಸದು ಕೂತುಕೊಳ್ಳುವಾಗ ಸಡಿಲವಾಗುತ್ತೆ.
ತಾಸು ಅಂದರೆ ಘಂಟಾ, ಅಂದ ದಸ್ತಗೀರ್ ನನಗೇ.

ಲಾರಿಗೆ ಹೇರಿದ್ದು ನಲವತ್ತೊಂದು.
ರುದ್ರಮುನಿ ಎರಡು ಸಲ ಎಣಿಸಿದರು,
ನನ್ನ ಮುಖ ನೋಡಿದರು,
ವಾರದ ಬಟವಾಡೆಯಲ್ಲಿ ಒಂದರ ದುಡ್ಡು ಹಿಡಿದರು.
ಪೂರ್ತಿ ಹಿಡಿಯಲಿಲ್ಲ.

ಆ ಹಳೆಯ ಪಟ್ಟಿ ಈಗ ಶೆಡ್ಡಿನ ಹೊಸ್ತಿಲು.
ಗಿಡ್ಡ ತುದಿಗೆ ಒಂದು ಕಲ್ಲುಚಕ್ಕೆ ಕೊಟ್ಟು ಮಟ್ಟ ಮಾಡಿದ್ದೇವೆ.
ಮಧ್ಯಾಹ್ನ ಬರಿಗಾಲಲ್ಲಿ ತುಳಿದರೆ
ಸುಡುತ್ತದೆ.