ಷರಾ

ವಿರಾಜಪೇಟೆ ತಾಲೂಕು ಕಚೇರಿಯೆದುರು
ನನ್ನದೊಂದು ಟೈಪ್‌ರೈಟರು, ಒಂದು ಕೊಡೆ.
ಮಾಜಿ ಸೈನಿಕರ ಅರ್ಜಿಗಳೆಲ್ಲ ಈ ಬೆರಳುಗಳಿಂದಲೇ ದಿಲ್ಲಿಗೆ ಹೋಗಿವೆ:
ಕಾಲು ಹೋದವರದು, ಕಿವಿ ಹೋದವರದು,
ಗಂಡ ಹೋದವರದು.
ಪಳಂಗಪ್ಪನದು ಮಾತ್ರ ಹದಿನಾರು ಸಲ ತಿರುಗಿ ಬಂತು.

ಎಪ್ಪತ್ತೊಂದರ ಡಿಸೆಂಬರು. ಹೊಳೆಯ ಆಚೆ ದಡದಲ್ಲಿ ಒಬ್ಬ
ಬನಿಯನ್ ಹಿಂಡುತ್ತಿದ್ದನಂತೆ.
ಪಳಂಗಪ್ಪ ರೈಫಲ್ಲು ಕೆಳಗಿಟ್ಟ.
"ಗಾಯಾಳುಗಳನ್ನು ಹೊರುತ್ತೇನೆ, ನೀರು ಹೊರುತ್ತೇನೆ,
ಇದನ್ನು ಮಾತ್ರ ಇನ್ನು ಎತ್ತಲಾರೆ."
ಹೊರಿಸಿಕೊಂಡರು ಕೂಡ, ಯುದ್ಧ ಮುಗಿಯುವ ತನಕ,
ಒಂಬತ್ತು ಜನರನ್ನು.
ಆಮೇಲೆ ವಿಚಾರಣೆ.

ಹೆದರಿದೆಯಾ? ಇಲ್ಲ.
ತಲೆ ಕೆಟ್ಟಿದೆಯಾ? ನೆಟ್ಟಗಿದೆ ಎಂದು ಡಾಕ್ಟರೇ ಬರೆದುಕೊಟ್ಟರು.
ಯಾವ ಮಠ? ಯಾವ ಪಾರ್ಟಿ?
"ಹಂದಿ ತಿನ್ನುವವನು ಸಾರ್, ಇಗ್ಗುತಪ್ಪನ ಒಕ್ಕಲು."
ಅಂಥವನಿಗೆ ಫಾರಮ್ಮಿನಲ್ಲಿ ಚೌಕವಿರಲಿಲ್ಲ.
ಹೇಡಿ ಎಂಬ ಚೌಕದೊಳಕ್ಕೆ
ಕೈಕಾಲು ಮಡಚಿ ಕೂರಿಸಿದರು. ಹನ್ನೊಂದು ತಿಂಗಳು ಜೈಲು.
ಬಿಡುಗಡೆ ಪುಸ್ತಕದಲ್ಲಿ
ನಡತೆಯ ಷರಾ ಇರಬೇಕಾದಲ್ಲಿ ಒಂದು ಅಡ್ಡಗೆರೆ.

"ಪಿಂಚಣಿ ಹಾಳಾಗಲಿ ಮಾರಾಯ," ಅನ್ನುತ್ತಿದ್ದ ಪ್ರತಿ ಸಲ,
"ಆ ಗೆರೆ ತೆಗೆದು ಏನಾದರೂ ಬರೆಯಲಿ.
ಕೆಟ್ಟದ್ದಾದರೂ ಸರಿ."

ಕೋವಿಗೆ ಲೈಸೆನ್ಸು ಬೇಡದ ಮನೆಗಳು ಇವು.
ಗಂಡು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು.
ಕೈಲ್‌ಪೊಳ್ದಿನಂದು ಅವನೂ ಕೋವಿ ಒರೆಸಿ,
ನಳಿಗೆಗೆ ತೋಕ್‌ಪೂ ಸಿಕ್ಕಿಸಿ, ದೀಪದ ಬಳಿ ಇಡುತ್ತಿದ್ದ.
ತೆಂಗಿನಕಾಯಿಗೆ ಗುರಿಯಿಡುವ ಹೊತ್ತಿಗೆ
ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟುತ್ತ ನಿಂತಿರುತ್ತಿದ್ದ,
ಕಟ್ಟಿದ್ದನ್ನೇ ಮತ್ತೆ ಬಿಚ್ಚಿ ಕಟ್ಟುತ್ತ.
ಮದುವೆ ಮನೆಯಲ್ಲಿ ಅವನ ಪಕ್ಕದ ಕುರ್ಚಿ ಖಾಲಿ.
ಅಣ್ಣ, ಸುಬೇದಾರ್ ಕುಟ್ಟಯ್ಯ,
ಐವತ್ತು ವರ್ಷ ಅವನ ಹೆಸರೆತ್ತಲಿಲ್ಲ.
'ಅವನು' ಎಂದರೆ ಸಾಕು, ಅವನೇ.

ಮೊನ್ನೆ ಭಾನುವಾರ, ಕೋಳಿ ಕೂಗುವ ಮೊದಲು, ತೀರಿಕೊಂಡ.
ಕುಟ್ಟಯ್ಯ ಕೋವಿ ತಂದು ಅಂಗಳದಲ್ಲಿ ನಿಂತ.
ತುಂಬಿದ. ಮೇಲಕ್ಕೆ ಹಿಡಿದ.
ಎಷ್ಟೋ ಹೊತ್ತು ಹಿಡಿದೇ ಇದ್ದ.
ಇಳಿಸಿದ.
ಬಾಗಿಲಲ್ಲಿ ಚೋಂದವ್ವ ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ.

ಗುಂಡಿಲ್ಲದ ಮೇಲೆ ಊರಿಗೆ ಸಾವು ತಿಳಿಯುವುದು ಹೇಗೆ?
ಎಂಬತ್ತೆಂಟರ ಕುಟ್ಟಯ್ಯ ಕೋಲು ಹಿಡಿದು ಹೊರಟ. ನಾನು ಹಿಂದೆ.
ಗದ್ದೆಯ ಬದು, ಕಡಂಗ, ಲೈನ್‌ಮನೆಗಳು.
ಒಂದೊಂದು ಮೆಟ್ಟಿಲ ಕೆಳಗೂ ನಿಂತು, ಉಸಿರು ಹಿಡಿದು,
ಬಾಯಿಬಿಟ್ಟು ಹೇಳಬೇಕಾಯಿತು:
ಪಳಂಗಪ್ಪ ಹೋದ.
ಯಾರು?
ಪಳಂಗಪ್ಪ. ನನ್ನ ತಮ್ಮ.

ಇಪ್ಪತ್ತಮೂರು ಮನೆ.